ಬೀರು ಮಗುಚುವ ಲೆಕ್ಕ: ಕಚೇರಿಯ ಪೀಠೋಪಕರಣಗಳು ಮತ್ತು ಅಪಘಾತಗಳು

ಕೆಲಸದ ಸ್ಥಳದ ಅಪಘಾತ ಎಂದೊಡನೆ ಕಾರ್ಖಾನೆಯ ಯಂತ್ರ, ಗಣಿ, ಕಟ್ಟಡ ಕಾಮಗಾರಿ ಮುಂತಾದವು ನೆನಪಿಗೆ ಬರುತ್ತವೆಯೇ ಹೊರತು ಮೇಜು, ಕುರ್ಚಿ, ಬೀರು, ಜೆರಾಕ್ಸ್ ಯಂತ್ರಗಳಿರುವ ಕಚೇರಿ ಯಾರ ನೆನಪಿಗೂ ಬರುವುದಿಲ್ಲ. ಕಾನೂನು ಕೂಡ ಬಹುಕಾಲ ಹೀಗೆಯೇ ಯೋಚಿಸಿತು. ಭಾರತದ 1948ರ ಕಾರ್ಖಾನೆಗಳ ಕಾಯ್ದೆ ತಿರುಗುವ ಚಕ್ರಕ್ಕೂ ಬೆಲ್ಟಿಗೂ ಬೇಲಿ ಹಾಕಬೇಕೆಂದು ವಿವರವಾಗಿ ಹೇಳಿತಾದರೂ, ಆ ಕಾಯ್ದೆಯ ವ್ಯಾಪ್ತಿಗೆ ಸಾಮಾನ್ಯ ಕಚೇರಿಗಳು ಬರಲಿಲ್ಲ. ಕಾರ್ಖಾನೆ ಕಾನೂನುಗಳ ತವರಾದ ಬ್ರಿಟನ್ನಿನಲ್ಲೂ ಕಚೇರಿ ಮತ್ತು ಅಂಗಡಿ ನೌಕರರ ಸುರಕ್ಷತೆಯನ್ನು ಪರಿಶೀಲಿಸಿದ ಗವರ್ಸ್ ಸಮಿತಿ 1949ರಲ್ಲಿ ವರದಿ ಕೊಟ್ಟ ಮೇಲೆ, ಕಚೇರಿಗಳು, ಅಂಗಡಿಗಳು ಮತ್ತು ರೈಲ್ವೆ ಆವರಣಗಳ ಕಾಯ್ದೆ ಬರಲು 1963ರವರೆಗೆ ಕಾಯಬೇಕಾಯಿತು.

ಕಚೇರಿಯಲ್ಲಿ ಆಗುವ ಅಪಘಾತಗಳು ಹೆಚ್ಚಾಗಿ ಸುದ್ದಿಯಾಗದ ಬಗೆಯವು. ಎತ್ತರದ ಕಡತ ತೆಗೆಯಲು ಹೋಗಿ ಬೀಳುವುದು, ನೆಲದ ಮೇಲೆ ಹಾದುಹೋದ ವೈರಿಗೆ ಕಾಲು ತಗುಲಿ ಮುಗ್ಗರಿಸುವುದು, ಬೀರುವಿನ ಮೇಲೆ ಪೇರಿಸಿದ ಪೆಟ್ಟಿಗೆ ತಲೆಯ ಮೇಲೆ ಬೀಳುವುದು, ಪೇಪರ್ ಕಟ್ಟರಿಗೆ ಬೆರಳು ಸಿಕ್ಕುವುದು, ಶಾಕ್ ಹೊಡೆಯುವುದು, ಬೆಂಕಿ ಹತ್ತಿಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಇಂಥದ್ದೇನಾದರೂ ನಡೆದಾಗ 'ನೋಡಿಕೊಂಡು ನಡೆಯಬಾರದಿತ್ತೇ' ಎಂಬ ಮಾತು ಮೊದಲು ಬರುತ್ತದೆ. ವಿಚಾರಣೆಯೂ ಅಲ್ಲಿಗೇ ಮುಗಿಯುತ್ತದೆ. ಆದರೆ ಘಟನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಒಂದು ಕೆಲಸಕ್ಕೆಂದು ಮಾಡಿದ ವಸ್ತುವನ್ನು ಇನ್ನೊಂದು ಕೆಲಸಕ್ಕೆ ಬಳಸಿದ್ದೇ ಬಹುಪಾಲು ಅಪಘಾತಗಳ ಮೂಲವೆಂದೂ, ಹಾಗೆ ಬಳಸಿದವರಿಗೆ ಸರಿಯಾದ ವಸ್ತು ಕೈಗೆಟುಕುವಂತೆ ಇರಲಿಲ್ಲವೆಂದೂ ಗೊತ್ತಾಗುತ್ತದೆ. ತಿರುಗುವ ಕುರ್ಚಿಯ ಮೇಲೆ ಹತ್ತಿ ನಿಂತವರು ಅಜಾಗರೂಕರೆನ್ನುವುದು ನಿಜವೇ ಇರಬಹುದು. ಆ ಕಚೇರಿಯಲ್ಲಿ ಒಂದು ಮೆಟ್ಟಿಲು ಸ್ಟೂಲ್ ಇರಲಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ನಿಜ.

ಈ ದೃಷ್ಟಿಯಿಂದ ಮೊದಲು ಗಮನಿಸಬೇಕಾದದ್ದು ಕಾಗದದ ತೂಕ. ಒಂದು ಹಾಳೆ ಹಗುರವಾದ್ದರಿಂದ ಕಡತಗಳೂ ಹಗುರವೆಂಬ ಭಾವನೆ ಸಹಜವಾಗಿಯೇ ಇದೆ. ಒಂದು ಚದರ ಮೀಟರಿಗೆ 75 ಗ್ರಾಂ ತೂಗುವ, ಸಾಮಾನ್ಯ ಬಳಕೆಯ ಎ4 ಕಾಗದದ 500 ಹಾಳೆಗಳ ಒಂದು ರೀಮ್ ಸುಮಾರು 2.3 ಕಿಲೋಗ್ರಾಂ ತೂಗುತ್ತದೆ. ಅದರ ದಪ್ಪ ಸುಮಾರು 5 ಸೆಂಟಿಮೀಟರ್. ಫೈಲಿಂಗ್ ಕ್ಯಾಬಿನೆಟ್ಟಿನ 60 ಸೆಂಟಿಮೀಟರ್ ಉದ್ದದ ಒಂದು ಡ್ರಾಯರನ್ನು ಹಿಂದಿನಿಂದ ಮುಂದಿನವರೆಗೆ ಕಾಗದದಿಂದ ಗಿಡಿದರೆ ಅದರಲ್ಲಿ 12 ರೀಮಿನಷ್ಟು, ಎಂದರೆ ಹತ್ತಿರ ಹತ್ತಿರ 28 ಕಿಲೋಗ್ರಾಂ ಭಾರ ಸೇರುತ್ತದೆ. ನಾಲ್ಕು ಡ್ರಾಯರುಗಳೂ ತುಂಬಿದಾಗ ಕ್ಯಾಬಿನೆಟ್ಟಿನ ಸ್ವಂತ ತೂಕವನ್ನು ಬಿಟ್ಟು ಕಾಗದವೊಂದೇ ಒಂದು ಕ್ವಿಂಟಲನ್ನು ಮೀರುತ್ತದೆ.

ಈ ಭಾರ ಕ್ಯಾಬಿನೆಟ್ಟಿನ ಒಳಗಿರುವಷ್ಟು ಹೊತ್ತು ಯಾವ ಅಪಾಯವೂ ಇಲ್ಲ. ಡ್ರಾಯರನ್ನು ಪೂರ್ತಿ ಹೊರಗೆಳೆದಾಗ ಮಾತ್ರ ಅದರ ಭಾರವೆಲ್ಲ ಕ್ಯಾಬಿನೆಟ್ಟಿನ ಮುಂದಿನ ಅಂಚನ್ನು ದಾಟಿ ಆಚೆಗೆ ಬರುತ್ತದೆ. ಆಗ ಆ ಮುಂದಿನ ಅಂಚು ತಕ್ಕಡಿಯ ನಡುಮುಳ್ಳಿನಂತಾಗಿ, ಹಿಂದೆ ಕ್ಯಾಬಿನೆಟ್ಟಿನ ಮೈಯ ಭಾರ, ಮುಂದೆ ಡ್ರಾಯರಿನ ಭಾರ ಎಂಬ ಎರಡು ತಟ್ಟೆಗಳು ಏರ್ಪಡುತ್ತವೆ. ಖಾಲಿ ಕ್ಯಾಬಿನೆಟ್ಟಿನ ತೂಕ 40 ಕಿಲೋಗ್ರಾಂ, ಅದರ ಆಳ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ಭಾರದ ಕೇಂದ್ರ ಅಂಚಿನಿಂದ 30 ಸೆಂಟಿಮೀಟರ್ ಹಿಂದೆ ಇರುವುದರಿಂದ ಹಿಂದಕ್ಕೆ ಹಿಡಿದಿಡುವ ಬಲದ ಲೆಕ್ಕ 40ನ್ನು 30ರಿಂದ ಗುಣಿಸಿದಾಗ ಬರುವ 1200. ಹೊರಗೆಳೆದ ಒಂದು ತುಂಬಿದ ಡ್ರಾಯರಿನ ಲೆಕ್ಕ 28ನ್ನು 30ರಿಂದ ಗುಣಿಸಿದ 840. ಹೀಗಾಗಿ ಕೆಳಗಿನ ಡ್ರಾಯರುಗಳು ಖಾಲಿಯಿದ್ದರೂ ಮೇಲಿನದೊಂದನ್ನು ಎಳೆದಾಗ ಕ್ಯಾಬಿನೆಟ್ ಮಗುಚುವುದಿಲ್ಲ. ಅದನ್ನು ಮುಚ್ಚದೆ ಎರಡನೆಯದನ್ನೂ ಎಳೆದರೆ ಮುಂದಿನ ಲೆಕ್ಕ 1680ಕ್ಕೆ ಏರಿ, ಕ್ಯಾಬಿನೆಟ್ ಎದುರಿಗೆ ನಿಂತವರ ಮೇಲೆ ಬರುತ್ತದೆ. ಎರಡನೆಯದನ್ನು ಎಳೆಯದಿದ್ದರೂ, ತೆರೆದ ಡ್ರಾಯರಿನ ತುದಿಯ ಮೇಲೆ ಮೊಣಕೈ ಊರಿ 15 ಕಿಲೋಗ್ರಾಂನಷ್ಟು ಭಾರ ಹಾಕಿದರೆ ಫಲ ಹೆಚ್ಚುಕಡಿಮೆ ಅದೇ. ತೆರೆದಿಟ್ಟ ಡ್ರಾಯರನ್ನು ಮೇಜಿನಂತೆ ಬಳಸಿ ಅದರ ಮೇಲೆ ಕಡತ ಹರಡಿಕೊಂಡು ಓದುವ ರೂಢಿ ಎಷ್ಟು ಕಚೇರಿಗಳಲ್ಲಿಲ್ಲ?

ಪರಿಹಾರವೂ ಇದೇ ಲೆಕ್ಕದಲ್ಲಿದೆ. ಭಾರದ ಕಡತಗಳನ್ನು ಕೆಳಗಿನ ಎರಡು ಡ್ರಾಯರುಗಳಿಗೆ ಮೊದಲು ತುಂಬಿದರೆ ಹಿಂದಿನ ತಟ್ಟೆಗೆ 1680 ಸೇರಿ, ಮೇಲಿನ ಎರಡನ್ನೂ ಒಟ್ಟಿಗೆ ಎಳೆದರೂ ಕ್ಯಾಬಿನೆಟ್ ನಿಲ್ಲುತ್ತದೆ. ಒಂದು ಡ್ರಾಯರ್ ತೆರೆದಿರುವಾಗ ಉಳಿದವು ತೆರೆಯದಂತೆ ತಡೆಯುವ ಒಳಗಿನ ಸರಳಿನ ವ್ಯವಸ್ಥೆಯನ್ನು ಇಂಟರ್‌ಲಾಕ್ ಎನ್ನುತ್ತಾರೆ. ಅದು ಒಳ್ಳೆಯ ಕ್ಯಾಬಿನೆಟ್ಟುಗಳಲ್ಲಿ ತಯಾರಿಕೆಯಲ್ಲೇ ಬಂದಿರುತ್ತದೆ. 'ಡ್ರಾಯರ್ ಸಿಕ್ಕಿಕೊಳ್ಳುತ್ತಿದೆ' ಎಂದು ಆ ಸರಳನ್ನು ಬಿಚ್ಚಿಸಿಬಿಡುವವರೂ ಇದ್ದಾರೆ. ಇಂಟರ್‌ಲಾಕ್ ಇಲ್ಲದ ಹಳೆಯ ಕ್ಯಾಬಿನೆಟ್ಟುಗಳನ್ನೂ, ಎತ್ತರದ ಕಬ್ಬಿಣದ ರ‍್ಯಾಕುಗಳನ್ನೂ ಗೋಡೆಗೆ ಎಲ್ ಆಕಾರದ ಕ್ಲಾಂಪು ಮತ್ತು ಆಂಕರ್ ಬೋಲ್ಟು ಹಾಕಿ ಬಿಗಿಯುವುದು ಒಬ್ಬ ಬಡಗಿ ಅರ್ಧ ದಿನದಲ್ಲಿ ಮುಗಿಸುವ ಕೆಲಸ. ರ‍್ಯಾಕುಗಳು ಕೋಣೆಯ ನಡುವೆ ಸಾಲಾಗಿ ನಿಂತಿದ್ದರೆ, ಒಂದು ವಾಲಿದಾಗ ಮುಂದಿನದರ ಮೇಲೆ ಬಿದ್ದು ಸಾಲೇ ಕುಸಿಯುವುದರಿಂದ, ಅವುಗಳ ತಲೆಗಳನ್ನು ಒಂದಕ್ಕೊಂದು ಅಡ್ಡಪಟ್ಟಿಗಳಿಂದ ಜೋಡಿಸಬೇಕಾಗುತ್ತದೆ.

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಈ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಬಟ್ಟೆಯಲ್ಲಿ ಕಟ್ಟಿದ ಹಳೆಯ ದಾಖಲೆಗಳ ಗಂಟುಗಳನ್ನು ಚಾವಣಿ ಮುಟ್ಟುವವರೆಗೆ ಪೇರಿಸಿದ್ದು, ಮೇಲಿನ ಅಂತಸ್ತಿನದನ್ನು ತೆಗೆಯಲು ರ‍್ಯಾಕಿನ ಹಲಗೆಗಳನ್ನೇ ಮೆಟ್ಟಿಲಾಗಿ ತುಳಿದು ಹತ್ತುವುದುಂಟು. ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಗಣಕೀಕರಿಸುವ ಕರ್ನಾಟಕದ ಭೂ ಸುರಕ್ಷಾ ಯೋಜನೆಯನ್ನು ದಾಖಲೆ ಕಳೆಯದಂತೆ, ತಿದ್ದದಂತೆ ಕಾಯುವ ಕ್ರಮವೆಂದೇ ಎಲ್ಲರೂ ಬಣ್ಣಿಸುತ್ತಾರೆ. ದಿನಕ್ಕೆ ಹತ್ತಾರು ಸಲ ಎತ್ತರದಿಂದ ಗಂಟು ಇಳಿಸುವ ಕೆಲಸವನ್ನು ಅದು ತಪ್ಪಿಸುತ್ತದೆ ಎಂಬ ಲಾಭವನ್ನೂ ಆ ಲೆಕ್ಕಕ್ಕೆ ಸೇರಿಸಬಹುದು.

ಬೀರುವಿನ ನಂತರದ ಸ್ಥಾನ ಕುರ್ಚಿಯದು. ಗಾಲಿಗಳಿರುವ ಕಚೇರಿ ಕುರ್ಚಿಗೆ ನಾಲ್ಕರ ಬದಲು ಐದು ಕಾಲುಗಳಿರುವುದು ಅಂದಕ್ಕಲ್ಲ. ಕುರ್ಚಿ ವಾಲುವಾಗ ಅಕ್ಕಪಕ್ಕದ ಎರಡು ಕಾಲುಗಳ ತುದಿಗಳನ್ನು ಸೇರಿಸುವ ರೇಖೆಯ ಮೇಲೆ ವಾಲುತ್ತದೆಯಾದ್ದರಿಂದ, ಆ ರೇಖೆ ನಡುಗಂಬದಿಂದ ಎಷ್ಟು ದೂರವಿದೆಯೋ ಕುರ್ಚಿ ಅಷ್ಟು ಭದ್ರ. ಪ್ರತಿ ಕಾಲೂ 30 ಸೆಂಟಿಮೀಟರ್ ಉದ್ದವಿದ್ದರೆ, ನಾಲ್ಕು ಕಾಲಿನ ಕುರ್ಚಿಯಲ್ಲಿ ಈ ದೂರ ಸುಮಾರು 21 ಸೆಂಟಿಮೀಟರ್, ಐದು ಕಾಲಿನದರಲ್ಲಿ 24. ಮೂರು ಸೆಂಟಿಮೀಟರಿನ ಈ ವ್ಯತ್ಯಾಸವೇ ಹಿಂದಕ್ಕೆ ಒರಗಿದವರನ್ನು ಎಷ್ಟೋ ಸಲ ಉಳಿಸುತ್ತದೆ. ಐದರಲ್ಲಿ ಒಂದು ಗಾಲಿ ಉದುರಿಹೋದ ಕುರ್ಚಿಯನ್ನು 'ಇನ್ನೂ ನಾಲ್ಕಿವೆಯಲ್ಲ' ಎಂದು ಬಳಸುವುದು ಅಪಾಯಕರ. ಗಾಲಿ ಹೋದ ದಿಕ್ಕಿನಲ್ಲಿ ಉಳಿದೆರಡು ಕಾಲುಗಳ ನಡುವಿನ ರೇಖೆ ನಡುಗಂಬಕ್ಕೆ ತೀರ ಹತ್ತಿರ ಬಂದಿರುವುದರಿಂದ, ಅಂಥ ಕುರ್ಚಿ ನಾಲ್ಕು ಕಾಲಿನ ಕುರ್ಚಿಗಿಂತ ಬಹಳ ಸುಲಭವಾಗಿ ಉರುಳುತ್ತದೆ.

ಗಾಲಿಗಳಲ್ಲೂ ಎರಡು ಬಗೆಯಿದೆಯೆಂಬುದನ್ನು ಕೊಳ್ಳುವವರು ಗಮನಿಸುವುದು ಅಪರೂಪ. ಗಟ್ಟಿ ನೈಲಾನಿನ ಗಾಲಿ ಕಾರ್ಪೆಟ್ ಹಾಸಿದ ನೆಲಕ್ಕೆಂದು ಮಾಡಿದ್ದು. ಮೆತ್ತನೆಯ ರಬ್ಬರಿನಂಥ ಹೊರಪದರವಿರುವ ಗಾಲಿ ಗಟ್ಟಿ ನೆಲಕ್ಕೆ. ಕರ್ನಾಟಕದ ಬಹುತೇಕ ಕಚೇರಿಗಳ ನೆಲ ಗ್ರಾನೈಟಿನದೋ ವಿಟ್ರಿಫೈಡ್ ಟೈಲ್ಸಿನದೋ ಆಗಿರುತ್ತದೆ, ಅದರ ಮೇಲೆ ನೈಲಾನ್ ಗಾಲಿಯ ಕುರ್ಚಿ ತಾಗಿದರೆ ಸಾಕು ಓಡುತ್ತದೆ. ಕುಳಿತುಕೊಳ್ಳಲು ಹೋದವರು, ಕುರ್ಚಿ ಹಿಂದೆ ಸರಿದು ನೆಲಕ್ಕೆ ಬಿದ್ದಾಗ ನೋಡಿದವರಿಗೆ ನಗು ಬರಬಹುದು, ಆದರೆ ಬಾಲಮೂಳೆಗೆ ಬಿದ್ದ ಪೆಟ್ಟು ವಾರಗಟ್ಟಲೆ ನೋಯುತ್ತದೆ. ಯಾರೂ ಕುಳಿತಿಲ್ಲದಾಗ ತಾವಾಗಿಯೇ ಬಿಗಿದುಕೊಂಡು, ಭಾರ ಬಿದ್ದ ಮೇಲೆ ಮಾತ್ರ ಉರುಳುವ ಗಾಲಿಗಳೂ ಸಿಗುತ್ತವೆ. ಹಳೆಯ ಕುರ್ಚಿಗೆ ಗಾಲಿಗಳನ್ನಷ್ಟೇ ಬದಲಿಸುವುದು ಹೊಸ ಕುರ್ಚಿ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಇಂಥ ಕುರ್ಚಿಯ ಮೇಲೆ ನಿಂತು ಟ್ಯೂಬ್‌ಲೈಟ್ ಬದಲಿಸುವವರು ಒಂದೇ ಹೊತ್ತಿಗೆ ಮೂರು ಚಲನೆಗಳಿಗೆ ಮೈಯೊಡ್ಡುತ್ತಾರೆ: ಗಾಲಿ ಉರುಳುತ್ತದೆ, ಪೀಠ ತಿರುಗುತ್ತದೆ, ಬೆನ್ನಿನ ಭಾಗ ಹಿಂದಕ್ಕೆ ಬಾಗುತ್ತದೆ. ಕುರ್ಚಿಯ ಎತ್ತರವನ್ನು ಹೊಂದಿಸುವ ನಡುಗಂಬವೂ ಸಾಮಾನ್ಯ ಕೊಳವೆಯಲ್ಲ. ಅದರೊಳಗೆ ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ ಅನಿಲವನ್ನು ತುಂಬಿರುತ್ತಾರೆ, ಪಕ್ಕದ ಹಿಡಿಕೆಯನ್ನು ಎತ್ತಿದಾಗ ಒಳಗಿನ ಕವಾಟ ತೆರೆದು ಪೀಠ ಏರಿಳಿಯುತ್ತದೆ. ತಾನಾಗಿ ಕುಸಿಯುವ ಕುರ್ಚಿಯ ಆ ಭಾಗವನ್ನು ಬಿಚ್ಚಿ, ಕೊರೆದು, ಬಿಸಿ ಮಾಡಿ ರಿಪೇರಿ ಮಾಡಲು ಹೋಗದೆ ಇಡಿಯಾಗಿ ಬದಲಿಸಬೇಕು. ಭಾರತೀಯ ಮಾನಕ ಬ್ಯೂರೋ ಕಚೇರಿ ಕುರ್ಚಿಗಳಿಗೆ ಐಎಸ್ 17631, ಬೀರು ಮತ್ತು ಕಪಾಟುಗಳಿಗೆ ಐಎಸ್ 17634 ಎಂಬ ಮಾನದಂಡಗಳನ್ನು 2022ರಲ್ಲಿ ಪ್ರಕಟಿಸಿದ್ದು, ಪೀಠೋಪಕರಣಗಳಿಗೆ ಇವುಗಳನ್ನು ಕಡ್ಡಾಯಗೊಳಿಸುವ ಗುಣಮಟ್ಟ ನಿಯಂತ್ರಣ ಆದೇಶವನ್ನು ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿತು.

ವಿದ್ಯುತ್ತಿನ ವಿಷಯದಲ್ಲಿ ಕಚೇರಿಗಳ ದೊಡ್ಡ ದೌರ್ಬಲ್ಯವೆಂದರೆ ಎಕ್ಸ್‌ಟೆನ್ಷನ್ ಬೋರ್ಡು. ಕಟ್ಟಡ ಕಟ್ಟಿದಾಗ ಮೇಜಿಗೊಂದು ಸಾಕೆಟ್ಟೂ ಇರದಿದ್ದ ಕೋಣೆಗೆ ಕಂಪ್ಯೂಟರ್, ಪ್ರಿಂಟರ್, ಮೊಬೈಲ್ ಚಾರ್ಜರುಗಳೆಲ್ಲ ಬಂದು ಸೇರಿದಾಗ, ಒಂದು ಬೋರ್ಡಿಗೆ ಇನ್ನೊಂದು ಬೋರ್ಡನ್ನು ಸಿಕ್ಕಿಸಿ ಸರಪಳಿ ಬೆಳೆಸುವುದು ಅನಿವಾರ್ಯವೆನಿಸುತ್ತದೆ. ಭಾರತದ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್. 230 ವೋಲ್ಟಿನಲ್ಲಿ ಇದು 1380 ವ್ಯಾಟ್. ಇಷ್ಟರಲ್ಲಿ ಹಲವು ಕಂಪ್ಯೂಟರುಗಳು ನಡೆಯುತ್ತವೆ, ಆದರೆ 1500 ವ್ಯಾಟಿನ ಒಂದೇ ಒಂದು ಕೆಟಲ್ ನಡೆಯುವುದಿಲ್ಲ. ವೈರಿನಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಆ ವೈರು ಸುರುಳಿ ಸುತ್ತಿಟ್ಟದ್ದಾಗಿದ್ದರೆ ಅಥವಾ ಕಾರ್ಪೆಟ್ಟಿನ ಕೆಳಗೆ ಹಾದುಹೋಗಿದ್ದರೆ ಶಾಖ ಹೊರಹೋಗಲು ದಾರಿಯೂ ಇರುವುದಿಲ್ಲ. ಪ್ಲಗ್ ಇಲ್ಲದ ವೈರಿನ ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸುವ ಜಾಣತನವಂತೂ ಬೆಂಕಿಗೆ ಬೇಕಾದ ಎರಡನ್ನೂ, ಕಿಡಿಯನ್ನೂ ಕಟ್ಟಿಗೆಯನ್ನೂ, ಒಂದೇ ಕಡೆ ಒದಗಿಸುತ್ತದೆ.

ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಯ ಲೋಹದ ಮೈಯನ್ನು ಬರಿಗಾಲಲ್ಲಿ ಮುಟ್ಟಿದಾಗ ಜುಮ್ಮೆನ್ನುವ ಅನುಭವ ಬಹಳ ಜನಕ್ಕಿದೆ, ಆದರೆ ಅದರ ಅರ್ಥ ತಿಳಿದವರು ಕಡಿಮೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಎಂಬ ಭಾಗದಲ್ಲಿ, ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಹಾಕಿದ ಪುಟ್ಟ ಕೆಪಾಸಿಟರುಗಳು ಅತ್ಯಲ್ಪ ಪ್ರವಾಹವನ್ನು ಪೆಟ್ಟಿಗೆಯ ಮೈಗೆ ಹರಿಸುತ್ತಿರುತ್ತವೆ. ಅರ್ಥಿಂಗ್ ಸರಿಯಿದ್ದರೆ, ಎಂದರೆ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ನೆಲಕ್ಕೆ ಸಂಪರ್ಕ ಹೊಂದಿದ್ದರೆ, ಆ ಪ್ರವಾಹ ಯಾರಿಗೂ ಗೊತ್ತಾಗದಂತೆ ಭೂಮಿಗೆ ಇಳಿಯುತ್ತದೆ. ಜುಮ್ಮೆಂದರೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಬೇಕು. ಆ ಜುಮ್ಮೆನ್ನುವಿಕೆ ಕೊಲ್ಲುವುದಿಲ್ಲ, ಆದರೆ ನಾಳೆ ಒಳಗಿನ, ವಿದ್ಯುತ್ ಹರಿಯುವ ವೈರೊಂದು ಸವೆದು ಮೈಗೆ ತಾಗಿದಾಗ ಅದೇ ಪೆಟ್ಟಿಗೆ ಕೊಲ್ಲಬಲ್ಲದು. ಇಲ್ಲಿ ಎಂಸಿಬಿಯನ್ನು ನಂಬಿ ಕೂರುವುದು ತಪ್ಪು. ಅದು ವೈರನ್ನು ಕಾಯುವ ಸಾಧನ; 16 ಆಂಪಿಯರ್ ಮೀರಿದ ಮೇಲೆ ಬೀಳುವ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಪ್ರವಾಹ ಗಣನೆಗೇ ಬರುವುದಿಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ: ಹೋದ ಪ್ರವಾಹಕ್ಕೂ ಮರಳಿ ಬಂದ ಪ್ರವಾಹಕ್ಕೂ 30 ಮಿಲಿ ಆಂಪಿಯರಿನಷ್ಟು, ಎಂದರೆ ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು, ವ್ಯತ್ಯಾಸ ಕಂಡೊಡನೆ ಅದು ಸಂಪರ್ಕ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಬಟನನ್ನು ಆಗಾಗ ಒತ್ತಿ ನೋಡುವ ಕೆಲಸ ಯಾರದು ಎಂದು ಕಚೇರಿಯಲ್ಲಿ ಗೊತ್ತುಮಾಡಿರಬೇಕಷ್ಟೆ.

ಉಳಿದ ಯಂತ್ರಗಳ ಅಪಾಯಗಳನ್ನು ಚುಟುಕಾಗಿ ಹೇಳಬಹುದು. ಜೆರಾಕ್ಸ್ ಯಂತ್ರ ಮತ್ತು ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಎಂಬ ಭಾಗ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆಯಾದ್ದರಿಂದ, ಸಿಕ್ಕಿಕೊಂಡ ಕಾಗದವನ್ನು ಅಲ್ಲಿಂದ ತೆಗೆಯುವ ಮೊದಲು ಯಂತ್ರ ಆರಬೇಕು. ಚೆಲ್ಲಿದ ಟೋನರನ್ನು ತಣ್ಣೀರಿನ ಬಟ್ಟೆಯಲ್ಲೇ ಒರೆಸಬೇಕು, ಬಿಸಿನೀರಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಕಾಗದವನ್ನು ಚೂರುಮಾಡುವ ಶ್ರೆಡರಿಗೆ ಕಾಗದಕ್ಕೂ ಸೆರಗಿಗೂ ಕೊರಳಿನ ಗುರುತಿನ ಚೀಟಿಯ ದಾರಕ್ಕೂ ಇರುವ ಭೇದ ತಿಳಿಯುವುದಿಲ್ಲ. ಪೇಪರ್ ಕಟ್ಟರಿನ ಅಲಗು ಬಳಸದಾಗ ಕೆಳಗಿಳಿದು ಕೊಂಡಿ ಹಾಕಿರಬೇಕು. ಯುಪಿಎಸ್‌ನ ಪ್ಲಗ್ ಕಿತ್ತರೂ ಒಳಗಿನ ಬ್ಯಾಟರಿಯ ಬಲದಿಂದ ಅದರ ಸಾಕೆಟ್ಟುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ದೊಡ್ಡ ಸೀಸ-ಆಮ್ಲ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ, ಗಾಳಿಯಲ್ಲಿ ಅದು ನೂರಕ್ಕೆ 4ರಷ್ಟಾದರೆ ಕಿಡಿಗೆ ಸಿಡಿಯಬಲ್ಲದು. ಬ್ಯಾಟರಿಗಳ ಕೋಣೆಗೆ ಕಿಟಕಿ ಬೇಕೆನ್ನುವುದು ಇದಕ್ಕಾಗಿ.

ಕಚೇರಿಯಲ್ಲಿ ಗಾಯಗೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಬೇಕಾಗುತ್ತದೆ. ನೀರಿನ ಕ್ಯಾನಿನ ಉದಾಹರಣೆ ಸಾಕು. ಇಪ್ಪತ್ತು ಲೀಟರ್ ನೀರೆಂದರೆ 20 ಕಿಲೋಗ್ರಾಂ. ಹಿಡಿ ಸರಿಯಾಗಿಲ್ಲದ ಆ ಕ್ಯಾನನ್ನು ನೆಲದಿಂದ ಎದೆಯ ಮಟ್ಟಕ್ಕೆ ಎತ್ತಿ, ಬಾಯಿ ಕೆಳಗಾಗುವಂತೆ ತಿರುಗಿಸಿ ಡಿಸ್ಪೆನ್ಸರಿನ ಮೇಲೆ ಕೂರಿಸುವಾಗ ಬೆನ್ನು ಬಾಗಿರುತ್ತದೆ, ತಿರುಚಿಯೂ ಇರುತ್ತದೆ. ಬೆನ್ನುಮೂಳೆಗೆ ಇದಕ್ಕಿಂತ ಕೆಟ್ಟ ಭಂಗಿ ಬೇರೆ ಬೇಕಿಲ್ಲ. ಈ ಕೆಲಸ ಮಾಡುವವರು ಅಟೆಂಡರುಗಳು, ಹೊರಗುತ್ತಿಗೆಯ ಹೌಸ್‌ಕೀಪಿಂಗ್ ಸಿಬ್ಬಂದಿ. ಬೀರು ಸರಿಸುವವರೂ, ಫ್ಯಾನು ಒರೆಸುವವರೂ ಅವರೇ. ಕುರ್ಚಿ ಯಾವುದಿರಬೇಕು, ಕ್ಯಾನಿನ ಬದಲು ನಲ್ಲಿಗೆ ಜೋಡಿಸುವ ಶುದ್ಧೀಕರಣ ಯಂತ್ರ ಬೇಕೇ ಎಂದು ತೀರ್ಮಾನಿಸುವ ಸಭೆಯಲ್ಲಿ ಅವರಿಗೆ ಜಾಗವಿಲ್ಲ.

ಕಾನೂನಿನಲ್ಲೂ ಇದರ ನೆರಳಿದೆ. ಹದಿಮೂರು ಹಳೆಯ ಕಾಯ್ದೆಗಳನ್ನು ಒಂದುಗೂಡಿಸಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯವಾಗುವುದರಿಂದ ಖಾಸಗಿ ಕಚೇರಿಗಳು ಈಗ ಅದರ ವ್ಯಾಪ್ತಿಗೆ ಬಂದಿವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಚೇರಿಗಳನ್ನು ಮಾತ್ರ ಸಂಹಿತೆ ಹೊರಗಿಟ್ಟು, ಅಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಅನ್ವಯವಾಗುತ್ತದೆ ಎಂದಿದೆ. ಒಂದೇ ಅಭಿಲೇಖಾಲಯದ ಒಂದೇ ರ‍್ಯಾಕು ಇಬ್ಬರ ಮೇಲೆ ಬಿದ್ದರೆ, ಹೊರಗುತ್ತಿಗೆ ನೌಕರನಿಗೆ ಒಂದು ಕಾನೂನು, ಕಾಯಂ ಗುಮಾಸ್ತನಿಗೆ ಇನ್ನೊಂದು. ಹೊರಗುತ್ತಿಗೆಯವನಿಗೆ ಕಾಗದದ ಮೇಲೆ ಸಿಕ್ಕ ಈ ರಕ್ಷಣೆಯ ಸುದ್ದಿ ಅವನಿಗೆ ತಲುಪಿದೆಯೇ ಎಂಬುದು ಬೇರೆ ಮಾತು.

ಅಪಾಯ ತಡೆಯುವ ಕ್ರಮಗಳಲ್ಲಿ ಮೇಲು ಕೀಳೆಂಬ ಒಂದು ಅನುಕ್ರಮವನ್ನು ಸುರಕ್ಷತಾ ಶಾಸ್ತ್ರ ಒಪ್ಪಿಕೊಂಡಿದೆ. ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಮೇಲು. ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ತರುವುದು, ಅದೂ ಆಗದಿದ್ದರೆ ಇಂಟರ್‌ಲಾಕಿನಂಥ ಯಾಂತ್ರಿಕ ತಡೆ ಹಾಕುವುದು, ಆಮೇಲೆ ನಿಯಮ, ತರಬೇತಿ, ಸೂಚನಾ ಫಲಕ, ಕೊನೆಗೆ ಕೈಗವಸಿನಂಥ ವೈಯಕ್ತಿಕ ರಕ್ಷಣೆ. ಕಚೇರಿಗಳು ಈ ಏಣಿಯನ್ನು ಕೆಳಗಿನಿಂದ ಹತ್ತಲು ಹೊರಟು ಸೂಚನಾ ಫಲಕದ ಮೆಟ್ಟಿಲಿನಲ್ಲೇ ನಿಂತುಬಿಡುತ್ತವೆ. 'ಎಚ್ಚರಿಕೆಯಿಂದ ಇರಿ' ಎಂಬ ಫಲಕ ಬರೆಸುವುದು ಸುಲಭ; ಅದರ ಬೆಲೆಗೆ ಒಂದಿಷ್ಟು ಸೇರಿಸಿದರೆ ಮೆಟ್ಟಿಲು ಸ್ಟೂಲ್ ಬರುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಈ ಮೇಲಿನ ಮೆಟ್ಟಿಲುಗಳನ್ನು ಮುಟ್ಟಲು ಇರುವ ದಾರಿ ಖರೀದಿಯ ಕಡತ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆದಾಗ, ಕೇಳಿದ ಗುಣಲಕ್ಷಣಗಳೆಲ್ಲ ಇರುವವರ ಪೈಕಿ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಹೋಗುತ್ತದೆ. 'ನಾಲ್ಕು ಡ್ರಾಯರಿನ ಉಕ್ಕಿನ ಕ್ಯಾಬಿನೆಟ್' ಎಂದಷ್ಟೇ ಬರೆದರೆ ಇಂಟರ್‌ಲಾಕ್ ಇಲ್ಲದ್ದೇ ಬರುತ್ತದೆ, ಅದಕ್ಕೆ ಮಾರಿದವರನ್ನು ದೂರಿ ಫಲವಿಲ್ಲ. ಇಂಟರ್‌ಲಾಕ್, ಗೋಡೆಗೆ ಬಿಗಿಯುವ ಕ್ಲಾಂಪು, ಗಟ್ಟಿ ನೆಲಕ್ಕೆ ಒಗ್ಗುವ ಗಾಲಿ ಎಂದು ಮೂರು ಸಾಲು ಹೆಚ್ಚಿಗೆ ಬರೆಯುವುದು ಗುಮಾಸ್ತರೊಬ್ಬರಿಗೆ ಐದು ನಿಮಿಷದ ಕೆಲಸ.

ಕೊಳ್ಳುವುದಕ್ಕಿಂತ ಕಷ್ಟದ್ದು ಹಳೆಯದನ್ನು ಕಳೆಯುವುದು. ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಬೀರು, ಸತ್ತ ಮಾನಿಟರುಗಳನ್ನು ನಿರುಪಯುಕ್ತವೆಂದು ಘೋಷಿಸಿ, ಬೆಲೆ ಕಟ್ಟಿಸಿ, ಹರಾಜು ಹಾಕುವವರೆಗೆ ವರ್ಷಗಳೇ ಉರುಳುತ್ತವೆ. ಅಷ್ಟು ಕಾಲ ಅವು ಮೆಟ್ಟಿಲ ಕೆಳಗೆ, ಮೊಗಸಾಲೆಯಲ್ಲಿ, ಹಿಂದಿನ ಬಾಗಿಲಿಗೆ ಅಡ್ಡವಾಗಿ ಬಿದ್ದಿರುತ್ತವೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಹೊತ್ತಿಕೊಂಡಾಗ ದಟ್ಟ ಹೊಗೆ ಮಹಡಿಯಿಂದ ಮಹಡಿಗೆ ಹಬ್ಬಿ, ಹೊರಬರುವ ದಾರಿ ಸಿಗದೆ ಜನ ಕಿಟಕಿಗಳಿಂದ ಜಿಗಿದರು. 9 ಮಂದಿ ಸತ್ತರು. ತುರ್ತು ಬಾಗಿಲಿಗೆ ಬೀಗ ಹಾಕಿರಲಿ, ಮುರಿದ ಬೀರು ಅಡ್ಡವಿಟ್ಟಿರಲಿ, ಹೊಗೆಯಲ್ಲಿ ತಡಕಾಡುವವರಿಗೆ ಎರಡೂ ಒಂದೇ. ಹರಾಜಿನ ಕಡತ ವಿಲೇವಾರಿಯಾಗುವವರೆಗೆ ಆ ಸಾಮಾನುಗಳನ್ನು ಇಡಲು ಕಟ್ಟಡದ ಹೊರಗೆ ಒಂದು ತಗಡಿನ ಶೆಡ್ ಹಾಕಿಸಿ, ಅದರ ಬೀಗದ ಕೈ ಯಾರ ಬಳಿ ಇರಬೇಕೆಂದು ಬರೆದಿಟ್ಟರೆ ಮೊಗಸಾಲೆ ಇವತ್ತೇ ತೆರವಾಗುತ್ತದೆ.